ಅಂಗೈಯೊಳಗಿನ ಸಂತೆ

ನಿಮ್ಮ ಮನೆಯ ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತಿದೆಯೆಂದು ಇಟ್ಟುಕೊಳ್ಳಿರಿ. ಬೆಳಗಾದೊಡನೆ ಏನು ಮಾಡುವಿರಿ? ಪಕ್ಕದ ಮನೆಯವರನ್ನು ಕೇಳುವಿರಿ. ಅವರು ತಮಗೆ ಗೊತ್ತಿರುವ ಒಬ್ಬನ ಹೆಸರು ಹೇಳುವರು. ವಿಚಾರಿಸಿದರೆ ಆತ ತಂಗಿಯ ಮದುವೆಗೆಂದು ಊರಿಗೆ ಹೋಗಿರುವನು. ಕಬ್ಬಿಣದಂಗಡಿಯವರು ಇನ್ನೊಬ್ಬನ ನಂಬರು ಕೊಡುವರು. ಆತ ‘ಸಾಯಂಕಾಲ ಬರುತ್ತೇನೆ’ ಎನ್ನುವನು, ಯಾವ ಸಾಯಂಕಾಲವೆಂದು ಹೇಳುವುದಿಲ್ಲ. ಮೂರನೆಯ ದಿನ ಯಾರೋ ಒಬ್ಬರು ಬಂದು ವಾಷರೊಂದನ್ನು ಬದಲಿಸಿ, ಕೇಳಿದಷ್ಟು ಪಡೆದು ಹೋಗುವರು. ಕೊಟ್ಟದ್ದು ಹೆಚ್ಚೋ ಕಡಮೆಯೋ ನಿಮಗೆ ತಿಳಿಯದು. ಅದೇ ಮೂರು ದಿನ ಅದೇ ಊರಿನ ಇನ್ನೊಂದು ಮೂಲೆಯಲ್ಲಿ, ಐ.ಟಿ.ಐ. ಮುಗಿಸಿ ಹಳ್ಳಿಯಿಂದ ಬಂದ ಹುಡುಗನೊಬ್ಬ ಬಾಡಿಗೆಯ ಕೋಣೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದರೂ ಇರಬಹುದು. ನಿಮಗೆ ಆತನ ಸುದ್ದಿ ಇಲ್ಲ. ಆತನಿಗೆ ನಿಮ್ಮ ನಲ್ಲಿಯ ಸುದ್ದಿ ಇಲ್ಲ.

ಇವರಿಬ್ಬರನ್ನೂ ಕೂಡಿಸಿಬಿಟ್ಟರೆ ಆಯಿತಲ್ಲ, ಎಲ್ಲರ ಕೈಯಲ್ಲೂ ಫೋನಿದೆಯಲ್ಲ, ಇದೇನು ಮಹಾ ಕಷ್ಟ ಎಂದು ನಿಮಗೆ ತೋರಬಹುದು. ನನ್ನ ಹಳೆಯ ಶಿಷ್ಯನೊಬ್ಬನಿಗೂ ಹಾಗೆಯೇ ತೋರಿತು. ಬೆಂಗಳೂರಿನಲ್ಲಿ ಕೆಲವು ವರ್ಷ ಕಂಪ್ಯೂಟರ್ ಕೆಲಸ ಮಾಡಿ ಊರಿಗೆ ಹಿಂದಿರುಗಿದವನು ಒಂದು ದಿನ ಮನೆಗೆ ಬಂದು, ನಮ್ಮ ಊರಿನ ನಲ್ಲಿ ಕೆಲಸದವರು, ಬಡಗಿಗಳು, ವಿದ್ಯುತ್ ಕೆಲಸದವರು, ಅಡಿಗೆಯವರು ಎಲ್ಲರನ್ನೂ ಒಂದೆಡೆ ಸೇರಿಸುವ ಜಾಲಪೇಟೆಯೊಂದನ್ನು ತೆರೆಯುತ್ತಿದ್ದೇನೆ ಎಂದ. ತಂದೆಯ ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಹಾಕಿ ಆ್ಯಪ್ ಸಿದ್ಧಮಾಡಿಸಿದ್ದ. ಒಂದು ಹೆಸರು ಮಾತ್ರ ಬಾಕಿ. ‘ಮೇಷ್ಟ್ರೇ, ಒಳ್ಳೆಯ ಕನ್ನಡ ಹೆಸರು ಬೇಕು’ ಎಂದ. ಪಂಡಿತರನ್ನು ಜನ ನೆನೆಯುವುದು ಕೂಸಿಗೆ, ಮನೆಗೆ, ಮಳಿಗೆಗೆ ಹೆಸರು ಬೇಕಾದಾಗ ಮಾತ್ರ. ನಾನೂ ಹಿಗ್ಗಿ ‘ಕುಶಲಕರ್ಮಸಂಗಮ’ ಎಂದು ಸೂಚಿಸಿದೆ. ನಮ್ಮ ಮನೆಗೆ ಹನ್ನೆರಡು ವರ್ಷಗಳಿಂದ ಬರುವ ನಲ್ಲಿ ಕೆಲಸದವನ ಬಾಯಲ್ಲಿ ಅದನ್ನು ಹೇಳಿಸಿದಾಗ ಅದು ಎರಡನೆಯ ಸಲವೂ ನೆಟ್ಟಗೆ ಹೊರಡಲಿಲ್ಲ. ಆ ಹೆಸರನ್ನು ನಾನೇ ಹಿಂತೆಗೆದುಕೊಂಡೆ. ಆದರೆ ತೊಂದರೆ ಹೆಸರಿನಲ್ಲಿರಲಿಲ್ಲ.

ನಮ್ಮ ಹಿರಿಯರು ಸಂತೆಯನ್ನು ವಾರಕ್ಕೊಂದು ದಿನ, ಒಂದೇ ಜಾಗದಲ್ಲಿ ಏಕೆ ಇಟ್ಟರೆಂಬುದನ್ನು ಎಂದಾದರೂ ಯೋಚಿಸಿದ್ದೀರಾ? ದಿನವೂ ಸಂತೆ ಇದ್ದರೆ ಅನುಕೂಲವೇ ಅಲ್ಲವೆ? ಇಲ್ಲ. ದಿನವೂ ಇದ್ದರೆ ಒಂದೊಂದು ದಿನ ನಾಲ್ಕಾರು ಜನ ಬಂದಾರು. ಕೊಳ್ಳುವವರು ಕಡಮೆಯೆಂದು ಮಾರುವವರು ಬಾರರು, ಮಾರುವವರಿಲ್ಲವೆಂದು ಕೊಳ್ಳುವವರು ಬಾರರು. ಮಂಗಳವಾರವೆಂದು ಗೊತ್ತುಮಾಡಿದರೆ ಸುತ್ತ ಹತ್ತು ಹಳ್ಳಿಯ ಅಗತ್ಯವೆಲ್ಲ ಒಂದೇ ಹೊತ್ತಿಗೆ, ಒಂದೇ ಮರದ ಕೆಳಗೆ ಗಟ್ಟಿಗೊಳ್ಳುತ್ತದೆ. ಸಂತೆಯ ಜೀವಾಳವೇ ಈ ಗಟ್ಟಿತನ. ಅಂಗೈಯೊಳಗಿನ ಸಂತೆಗೆ ವಾರವಿಲ್ಲ, ಮರವಿಲ್ಲ, ಹಗಲಿರುಳೂ ತೆರೆದಿರುತ್ತದೆ. ಅದು ಅದರ ಹೆಮ್ಮೆ. ಮೊದಲ ದಿನಗಳಲ್ಲಿ ಅದೇ ಅದರ ಕಂಟಕ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನೀವು ಬಲ್ಲಿರಿ. ಗಿರಾಕಿಗಳು ಬಾರದೆ ಕಸುಬುದಾರರು ಬಾರರು. ಕಸುಬುದಾರರಿಲ್ಲದೆ ಗಿರಾಕಿಗಳು ಬಾರರು. ರೇಡಿಯೋ ಆದರೆ ಒಂದು ದನಿ ಸಾವಿರ ಕಿವಿಗೆ ಮುಟ್ಟಿದರೆ ಸಾಕು. ಇಲ್ಲಿ ಪ್ರತಿಯೊಂದು ಕಿವಿಗೂ ಎದುರಿಗೆ, ಅದೇ ಹೊತ್ತಿಗೆ, ಅದೇ ಬೀದಿಯ ಸಮೀಪದಲ್ಲಿ, ಒಂದು ಬಾಯಿ ಸಿದ್ಧವಾಗಿರಬೇಕು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಇದು ಕೇವಲ ಅಂದಾಜಿನ ಲೆಕ್ಕ; ನಿಮ್ಮ ಊರಿನ ಅಂಕಿಗಳನ್ನು ಹಾಕಿ ನೀವೇ ತಿದ್ದಿಕೊಳ್ಳಬಹುದು. ಒಬ್ಬ ನಲ್ಲಿ ಕೆಲಸದವನ ಸಂಸಾರ ನಡೆಯಬೇಕಾದರೆ ದಿನಕ್ಕೆ ಮೂರು ಮನೆಯ ಕೆಲಸವಾದರೂ ಬೇಕು ಎನ್ನೋಣ. ತಿಂಗಳಿಗೆ 25 ದಿನದಂತೆ ವರ್ಷಕ್ಕೆ 900 ಕೆಲಸವಾಯಿತು. ಒಂದು ಮನೆಗೆ ಆತನ ಅಗತ್ಯ ಬೀಳುವುದು ವರ್ಷದಲ್ಲಿ ಎರಡು ಸಲ. ಅಂದರೆ ಒಬ್ಬನಿಗೆ 450 ಮನೆ ಬೇಕು. ಆದರೆ ಪ್ರತಿಯೊಂದು ಮನೆಯೂ ಹೊಸ ಪೇಟೆಗೆ ಬಂದೀತೆ? ಹತ್ತರಲ್ಲಿ ಒಂದು ಮನೆ ಬಂದರೆ ಅದೇ ಪುಣ್ಯ. ಹಾಗಾದರೆ ಒಬ್ಬನೇ ಒಬ್ಬ ಕೆಲಸಗಾರನನ್ನು ಉಳಿಸಿಕೊಳ್ಳಲು 4,500 ಮನೆಗಳ ನಡುವೆ ಪ್ರಚಾರ ನಡೆಯಬೇಕು. ಆ ಒಬ್ಬನೂ ರಜೆಯಲ್ಲಿದ್ದರೆ ಗಿರಾಕಿಗೆ ಪೇಟೆ ಮುಚ್ಚಿದಂತೆಯೇ; ಆದ್ದರಿಂದ ಮೂರು ನಾಲ್ಕು ಜನರಾದರೂ ಇರಬೇಕು. ಊರಿನ ಆ ತುದಿಯಿಂದ ಈ ತುದಿಗೆ ಓಡಾಡುವ ಪೆಟ್ರೋಲು ಬೇರೆ. ಇದು ಒಂದು ಕಸುಬಿನ ಮಾತು. ನನ್ನ ಶಿಷ್ಯ ಒಮ್ಮೆಲೇ ಹದಿನಾಲ್ಕು ಕಸುಬುಗಳನ್ನು ಇಡೀ ಊರಿಗೆ ತೆರೆದಿದ್ದ.

ಈ ವ್ಯಾಪಾರದಲ್ಲಿ ಗೆದ್ದವರು ಮೊದಲು ಕಿರಿದಾಗಿಯೇ ತೊಡಗಿದರು. ಅಮೆರಿಕದ ಬಾಸ್ಟನ್ ನಗರದಲ್ಲಿ 2008ರಲ್ಲಿ ಲಿಯಾ ಬಸ್ಕ್ ಎಂಬಾಕೆಗೆ, ಚಳಿಗಾಲದ ಒಂದು ರಾತ್ರಿ ಮನೆಯ ನಾಯಿಗೆ ಆಹಾರ ಮುಗಿದುಹೋದಾಗ, ಅಂಗಡಿಯ ದಾರಿಯಲ್ಲಿರುವ ಯಾರಾದರೂ ತಂದುಕೊಡಬಾರದೆ ಎಂಬ ಯೋಚನೆ ಬಂದಿತು. ಅದರಿಂದ ಹುಟ್ಟಿದ ಸಂಸ್ಥೆಯೇ ಮುಂದೆ ‘ಟಾಸ್ಕ್‌ರ‍್ಯಾಬಿಟ್’ ಎಂದು ಹೆಸರಾಯಿತು. ಆಕೆ ತೊಡಗಿದ್ದು ಇಡೀ ನಗರದಲ್ಲಲ್ಲ. ಚಾರ್ಲ್ಸ್‌ಟೌನ್ ಎಂಬ ಒಂದು ಭಾಗದಲ್ಲಿ. ಬಹುಕಾಲ ಅಲ್ಲಿ ಹರಾಜಿನ ಪದ್ಧತಿ ಇತ್ತು: ನೀವು ಕೆಲಸವನ್ನು ಬರೆದು ಹಾಕಿದರೆ ಹಲವರು ತಮ್ಮ ತಮ್ಮ ದರ ಕೂಗುವರು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಮನೆಯಲ್ಲಿ ನೀರು ಸುರಿಯುತ್ತಿರುವಾಗ ಐದು ಜನರ ದರವನ್ನು ತೂಗಿ ನೋಡುವ ತಾಳ್ಮೆ ಯಾರಿಗಿದೆ? 2014ರಲ್ಲಿ ಆ ಹರಾಜನ್ನು ಅವರು ಕೈಬಿಟ್ಟರು. 2017ರಲ್ಲಿ ಪೀಠೋಪಕರಣಗಳ ದೊಡ್ಡ ವ್ಯಾಪಾರಿಗಳಾದ ‘ಇಕಿಯಾ’ದವರು ಆ ಸಂಸ್ಥೆಯನ್ನು ಕೊಂಡರು.

ನಮ್ಮ ದೇಶದಲ್ಲಿ ಇದರ ಮೊದಲ ರೂಪ ದೂರವಾಣಿಯದು. ಮುಂಬಯಿಯಲ್ಲಿ 1996ರಲ್ಲಿ ಆರಂಭವಾದ ‘ಜಸ್ಟ್‌ಡಯಲ್’ಗೆ ಫೋನು ಮಾಡಿದರೆ ಕಸುಬುದಾರರ ನಂಬರು ಕೊಡುತ್ತಿದ್ದರು; ಅಲ್ಲಿಗೆ ಅವರ ಹೊಣೆ ಮುಗಿಯಿತು. ಬಂದವನು ಯೋಗ್ಯನೋ ಅಲ್ಲವೋ, ಅದು ನಿಮ್ಮ ಅದೃಷ್ಟ. ಹೆಸರುಗಳ ಪಟ್ಟಿ ಕೊಡುವುದು ಬೇರೆ, ಹೊಣೆ ಹೊರುವುದು ಬೇರೆ. ಗುರುಗ್ರಾಮದಲ್ಲಿ 2014ರಲ್ಲಿ ಮೂವರು ತರುಣರು ‘ಅರ್ಬನ್‌ಕ್ಲ್ಯಾಪ್’ ಎಂಬ ಹೆಸರಿನಿಂದ ತೆರೆದ ಪೇಟೆಯೂ ಮೊದಮೊದಲು ಗಿರಾಕಿಯ ಬೇಡಿಕೆಯನ್ನು ನಾಲ್ಕಾರು ಜನರಿಗೆ ರವಾನಿಸಿ ಸುಮ್ಮನಾಗುತ್ತಿತ್ತು. ಅದರಿಂದ ಇಬ್ಬರಿಗೂ ತೃಪ್ತಿಯಾಗಲಿಲ್ಲ. ಆಮೇಲೆ ಅವರು ದರವನ್ನು ತಾವೇ ನಿಗದಿಮಾಡಿ, ಕೆಲಸಗಾರರಿಗೆ ತಾವೇ ತರಬೇತು ಕೊಟ್ಟು, ಸಾಮಾನನ್ನೂ ತಾವೇ ಒದಗಿಸುವ ಮಾರ್ಗ ಹಿಡಿದರು. 2020ರಲ್ಲಿ ‘ಅರ್ಬನ್ ಕಂಪನಿ’ ಎಂದು ಹೆಸರು ಬದಲಿಸಿಕೊಂಡ ಆ ಸಂಸ್ಥೆಯ ಷೇರುಗಳು 2025ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕರಿಗೆ ಮಾರಾಟವಾದುವು.

ಹೊಣೆ ಹೊರುವುದು ಏಕೆ ಅಷ್ಟು ಮುಖ್ಯ? ಅರ್ಥಶಾಸ್ತ್ರಜ್ಞ ಜಾರ್ಜ್ ಏಕರ್‌ಲಾಫ್ 1970ರಲ್ಲಿ ಒಂದು ಸಣ್ಣ ಪ್ರಬಂಧ ಬರೆದ. ಹಳೆಯ ಮೋಟಾರು ಕಾರುಗಳ ಪೇಟೆಯಲ್ಲಿ ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ತಿಳಿಯದು. ಹೀಗಾಗಿ ಕೊಳ್ಳುವವನು ಎಲ್ಲಕ್ಕೂ ನಡುಮಟ್ಟದ ಬೆಲೆಯನ್ನೇ ಕೊಡುವನು. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲೊಪ್ಪದೆ ಹೊರಟುಹೋಗುವನು. ಪೇಟೆಯಲ್ಲಿ ಉಳಿಯುವುದು ಕೆಟ್ಟವೇ. ಈ ವಿಚಾರಕ್ಕಾಗಿ ಆತನಿಗೆ 2001ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಬಂದಿತು. ಕಾರಿನ ಬದಲು ನಿಮ್ಮ ಮನೆಯ ವಿದ್ಯುತ್ ತಂತಿಯನ್ನು ಇಟ್ಟು ನೋಡಿರಿ. ಗೋಡೆಯೊಳಗೆ ಆತ ಏನು ಜೋಡಿಸಿದನೆಂಬುದು ನಿಮಗೆ ಕಾಣುವುದಿಲ್ಲ. ಅಲ್ಲದೆ ಕಾರು ರಸ್ತೆಯಲ್ಲಿ ನಿಲ್ಲುತ್ತದೆ. ಈ ಮನುಷ್ಯ ಅಡಿಗೆಮನೆಯವರೆಗೆ ಬರುವನು. ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರೇ ಇರುವ ಹೊತ್ತು ಅಪರಿಚಿತನಿಗೆ ಬಾಗಿಲು ತೆರೆಯುವುದು ಸಣ್ಣ ವಿಷಯವಲ್ಲ. ಅಪರಿಚಿತರ ಮನೆಗೆ ಒಂಟಿಯಾಗಿ ಹೋಗುವ ಹೆಣ್ಣುಮಗಳಿಗೂ ಅಷ್ಟೇ ಅಳುಕಿರುತ್ತದೆ. ಇದನ್ನು ನಾವು ಗಿರಾಕಿಗಳು ಮರೆಯುತ್ತೇವೆ.

ನಕ್ಷತ್ರಗಳಿವೆಯಲ್ಲ, ಕೆಲಸವಾದ ಮೇಲೆ ಜನ ಐದರಲ್ಲಿ ಇಷ್ಟು ಎಂದು ಅಂಕ ಕೊಡುತ್ತಾರಲ್ಲ ಎಂದು ಶಿಷ್ಯ ಹೇಳಿದ. ಮೂವತ್ತು ವರ್ಷ ಅಂಕ ಕೊಟ್ಟವನು ನಾನು. ಅಂಕದ ಮರ್ಮ ಸ್ವಲ್ಪ ಬಲ್ಲೆ. ಎಲ್ಲರಿಗೂ ನೂರಕ್ಕೆ ತೊಂಬತ್ತೈದು ಕೊಟ್ಟರೆ ಅದು ಪರೀಕ್ಷೆಯಲ್ಲ, ಪ್ರಸಾದ ವಿನಿಯೋಗ. ಚಿಕ್ಕ ಊರಿನಲ್ಲಿ, ನಾಳೆ ತರಕಾರಿ ಅಂಗಡಿಯ ಮುಂದೆ ಎದುರಾಗುವ ಮನುಷ್ಯನಿಗೆ ಎರಡು ನಕ್ಷತ್ರ ಕೊಡುವ ಎದೆಗಾರಿಕೆ ನಮಗಿಲ್ಲ. ಇನ್ನು ಮಹಾನಗರಗಳಲ್ಲಿ ಅಂಕ ಕೊಂಚ ಇಳಿದರೆ ಕೆಲಸವೇ ತಪ್ಪುವ ಭಯ. ಎರಡು ಕಡೆಯೂ ನಕ್ಷತ್ರ ಸತ್ಯ ಹೇಳುವುದಿಲ್ಲ. ಆರಂಭದಲ್ಲಂತೂ ಯಾರಿಗೂ ನಕ್ಷತ್ರವೇ ಇರುವುದಿಲ್ಲ. ಆಗ ಪೇಟೆಯವನೇ ಹೋಗಿ ಕಸುಬುದಾರನ ಕೆಲಸ ನೋಡಬೇಕು, ಗುರುತಿನ ಚೀಟಿ ಪರಿಶೀಲಿಸಬೇಕು, ಕೆಟ್ಟರೆ ಸ್ವಂತ ಖರ್ಚಿನಿಂದ ಸರಿಪಡಿಸಿಕೊಡಬೇಕು. ಯಂತ್ರ ಮಾಡುವ ಕೆಲಸವಲ್ಲ ಅದು.

ಇಷ್ಟೆಲ್ಲ ಮಾಡಿ ವಿಶ್ವಾಸ ಹುಟ್ಟಿಸಿದಿರೆನ್ನಿ. ಆಗ ಎಲ್ಲಕ್ಕಿಂತ ವಿಚಿತ್ರವಾದ ಸಂಕಟ ಎದುರಾಗುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಬಂದ ಕೆಲಸಗಾರ ಒಳ್ಳೆಯವನೆಂದು ಕಂಡೊಡನೆ ನೀವು ಆತನ ನಂಬರನ್ನು ಕೇಳಿ ಬರೆದುಕೊಳ್ಳುವಿರಿ. ಮುಂದಿನ ಸಲ ನೇರವಾಗಿ ಆತನಿಗೇ ಫೋನು. ಆತನಿಗೂ ದಸ್ತೂರಿ ಉಳಿಯಿತು. ಪೇಟೆಯವನು ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದನೋ ಅಷ್ಟು ಬೇಗ ಆತನ ಅಗತ್ಯ ತೀರಿತು! ಮತ್ತೆ ಲೆಕ್ಕಕ್ಕೆ ಬನ್ನಿರಿ. 400 ರೂಪಾಯಿಯ ಕೆಲಸಕ್ಕೆ ಶೇಕಡ 20ರಂತೆ ದಸ್ತೂರಿ 80 ರೂಪಾಯಿ. ವರ್ಷಕ್ಕೆ ಎರಡು ಸಲವಾದರೆ 160. ಆ ಗಿರಾಕಿಯನ್ನು ಕರೆತರಲು ರಿಯಾಯಿತಿ, ಜಾಹೀರಾತು ಎಂದು 300 ರೂಪಾಯಿ ಖರ್ಚಾಗಿದ್ದರೆ ಅದು ಹಿಂದಿರುಗಲು ಎರಡು ವರ್ಷ ಬೇಕು. ಗಿರಾಕಿ ಮೊದಲ ದಿನವೇ ನಂಬರು ಬರೆದುಕೊಂಡಿದ್ದಾನೆ.

ಸ್ಯಾನ್ ಫ್ರಾನ್ಸಿಸ್ಕೋದ ‘ಹೋಮ್‌ಜಾಯ್’ ಎಂಬ ಮನೆ ಶುಚಿಗೊಳಿಸುವ ಪೇಟೆಯ ಕಥೆ ಇದಕ್ಕೆ ನಿದರ್ಶನ. ಅಕ್ಕ ತಮ್ಮ ಇಬ್ಬರು ಕಟ್ಟಿದ ಸಂಸ್ಥೆ. ಕೋಟ್ಯಂತರ ಡಾಲರುಗಳ ಬಂಡವಾಳ ಬಂದಿತು. ಮೊದಲ ಸಲದ ಕೆಲಸಕ್ಕೆ 19 ಡಾಲರಿನ ಅಗ್ಗದ ದರವನ್ನು ಸಾರಿದರು. ಜನ ಮುಗಿಬಿದ್ದರು, ಮೊದಲ ಸಲ ಮುಗಿದ ಮೇಲೆ ಬಹುಮಂದಿ ತಿರುಗಿ ನೋಡಲಿಲ್ಲ. ಮೆಚ್ಚಿದವರು ಕೆಲಸದಾಕೆಯನ್ನು ನೇರವಾಗಿ ಗೊತ್ತುಮಾಡಿಕೊಂಡರು. ಇದರ ಮೇಲೆ, ಕೆಲಸಗಾರರು ಸಂಸ್ಥೆಯ ನೌಕರರೋ ಅಥವಾ ಸ್ವತಂತ್ರರೋ ಎಂಬ ಮೊಕದ್ದಮೆಗಳು. 2015ರ ಜುಲೈ ತಿಂಗಳ ಕೊನೆಗೆ ಬಾಗಿಲು ಮುಚ್ಚಿತು. ಆ ಮೊಕದ್ದಮೆಗಳೇ ಕಾರಣವೆಂದು ಸಂಸ್ಥೆಯವರು ಹೇಳಿದರು. ನನಗೇನೋ ಅಗ್ಗದ ದರವೇ ಮೊದಲ ಅಪರಾಧಿ ಎನಿಸುತ್ತದೆ.

ಇಲ್ಲಿ ಒಂದು ವಿವೇಚನೆ ಬೇಕು. ಎಲ್ಲ ಕಸುಬುಗಳೂ ಒಂದೇ ಬಗೆಯವಲ್ಲ. ಮನೆಗೆಲಸದಾಕೆ, ಅಡಿಗೆಯವರು, ಮಗುವಿಗೆ ಪಾಠ ಹೇಳುವವರು ದಿನವೂ ಬರುವವರು. ಒಂದು ಸಲ ಕೂಡಿಸಿದರೆ ಮಧ್ಯಸ್ಥನ ಕೆಲಸ ಮುಗಿಯಿತು. ಅಲ್ಲಿ ಒಂದೇ ಸಲ ಗೊತ್ತಾದ ಶುಲ್ಕ ಪಡೆಯಬಹುದೇ ಹೊರತು ತಿಂಗಳು ತಿಂಗಳು ದಸ್ತೂರಿ ನಿರೀಕ್ಷಿಸುವುದು ವ್ಯರ್ಥ. ನೀರಿನ ಟ್ಯಾಂಕು ತೊಳೆಯುವುದು, ಗೆದ್ದಲಿಗೆ ಔಷಧಿ ಹೊಡೆಯುವುದು, ತಣ್ಣನೆಯ ಯಂತ್ರದ ರಿಪೇರಿ ಇಂಥವು ವರ್ಷಕ್ಕೊಮ್ಮೆ ಬರುವ ಕೆಲಸಗಳು. ಹೋದ ವರ್ಷ ಬಂದವನ ನಂಬರು ಎಲ್ಲಿಯೋ ಕಳೆದಿರುತ್ತದೆ, ಆತನೂ ಊರು ಬಿಟ್ಟಿರಬಹುದು. ಗಿರಾಕಿ ಮತ್ತೆ ಪೇಟೆಗೇ ಬರುವನು. ಪರಿಚಯ ಬೆಳೆದು ನಿಲ್ಲಲಾರದ ಕಡೆಯಲ್ಲಿಯೇ ಈ ಬಗೆಯ ಪೇಟೆಗೆ ಉಸಿರಾಡಲು ಸ್ಥಳವುಂಟು.

ನಮ್ಮ ಮನೆಗೆ ಬರುವ ನಲ್ಲಿ ಕೆಲಸದವನನ್ನು ‘ನೀನೂ ಸೇರಬಾರದೇನಯ್ಯ?’ ಎಂದು ಕೇಳಿದೆ. ‘ಸಾರ್, ನಿಮ್ಮ ಬೀದಿಯಲ್ಲಿ ನನ್ನನ್ನು ಯಾರು ಅರಿಯರು? ಅರಿತವರ ಮನೆಗೆ ಹೋಗುವುದಕ್ಕೆ ನೂರಕ್ಕೆ ಇಪ್ಪತ್ತು ಏಕೆ ಕೊಡಲಿ?’ ಎಂದ. ಆತನ ಮಾತು ಸರಿಯೇ. ದಸ್ತೂರಿಯ ಈ ಜಗಳ ದೊಡ್ಡ ಊರುಗಳಲ್ಲಿ ಬೀದಿಗೂ ಬಂದಿದೆ. 2021ರ ಅಕ್ಟೋಬರಿನಲ್ಲಿ ಅರ್ಬನ್ ಕಂಪನಿಯ ಸೌಂದರ್ಯ ಸೇವೆಯ ಹೆಣ್ಣುಮಕ್ಕಳು ದಸ್ತೂರಿಯ ಭಾರವನ್ನೂ ಕೆಲಸದ ಷರತ್ತುಗಳನ್ನೂ ವಿರೋಧಿಸಿ ಗುರುಗ್ರಾಮದ ಕಚೇರಿಯ ಮುಂದೆ ಕುಳಿತರು. ಬೆಂಗಳೂರಿನ ಆಟೋ ಚಾಲಕರು ಬೇರೊಂದು ದಾರಿ ಹಿಡಿದರು. 2022ರ ನವೆಂಬರಿನಲ್ಲಿ ಚಾಲಕರ ಸಂಘವೊಂದರ ಸಹಕಾರದಿಂದ ‘ನಮ್ಮ ಯಾತ್ರಿ’ ಆರಂಭವಾಯಿತು. ಪ್ರತಿ ಬಾಡಿಗೆಯ ಮೇಲೆ ದಸ್ತೂರಿ ಇಲ್ಲ. ಮುಂದಿನ ವರ್ಷ ದಿನಕ್ಕೆ 25 ರೂಪಾಯಿಯಷ್ಟು ಚಂದಾ ಪದ್ಧತಿ ಬಂದಿತು. ಬಾಡಿಗೆ ಎಷ್ಟೇ ಆದರೂ ಕೊಡುವುದು ಗೊತ್ತಾದ ಮೊತ್ತವಾದಾಗ, ಅಂಬಿಗನನ್ನು ತಪ್ಪಿಸುವ ಆಸೆ ತಾನಾಗಿಯೇ ತಗ್ಗುತ್ತದೆ. ಆದರೆ ನೆನಪಿಡಿರಿ: ಆಟೋ ಚಾಲಕನಿಗೆ ದಿನವೂ ಹತ್ತಾರು ಬಾಡಿಗೆ, ನಮ್ಮ ಊರಿನ ಬಡಗಿಗೆ ವಾರಕ್ಕೆ ಎರಡು ಕೆಲಸವೂ ದೊರೆಯದ ಪೇಟೆಗೆ ಆತ ಚಂದಾ ಕೊಟ್ಟಾನೆಯೆ?

ಸರ್ಕಾರದ ಕಾಯಿದೆಯನ್ನೂ ಅರಿತಿರಬೇಕು. ನಲ್ಲಿ, ಬಡಗಿ ಮೊದಲಾದ ಮನೆಗೆಲಸಗಳನ್ನು ಜಾಲಪೇಟೆಯ ಮೂಲಕ ಒದಗಿಸಿದಾಗ, ಕೆಲಸಗಾರ ತೆರಿಗೆಯ ನೋಂದಣಿಗೆ ಒಳಪಡದವನಾಗಿದ್ದರೆ ಜಿ.ಎಸ್.ಟಿ. ಕಟ್ಟುವ ಹೊಣೆ 2017ರಿಂದ ಪೇಟೆಯವನದೇ. ರಾಜಸ್ಥಾನದಲ್ಲಿ 2023ರಲ್ಲಿಯೂ ನಮ್ಮ ರಾಜ್ಯದಲ್ಲಿ 2025ರಲ್ಲಿಯೂ ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗಾಗಿ ಕಾಯಿದೆಗಳಾದುವು. ಕರ್ನಾಟಕದ ಕಾಯಿದೆಯಂತೆ ಕೆಲಸಗಾರನಿಗೆ ಸಲ್ಲುವ ಹಣದ ಶೇಕಡ 1ರಿಂದ 5ರವರೆಗೆ ಕ್ಷೇಮನಿಧಿಯ ಶುಲ್ಕವನ್ನು ಪೇಟೆಯವನು ಕಟ್ಟಬೇಕಾಗಬಹುದು; ಕೆಲಸಗಾರನನ್ನು ಸಾಮಾನ್ಯವಾಗಿ 14 ದಿನಗಳ ಸೂಚನೆಯಿಲ್ಲದೆ ತೆಗೆಯುವಂತಿಲ್ಲ. ಇದು ಹೊರೆಯೆಂದು ಶಿಷ್ಯ ಮುಖ ಸಣ್ಣಗೆ ಮಾಡಿದ. ಏಣಿಯಿಂದ ಬಿದ್ದ ಬಡಗಿಯ ಮನೆಯನ್ನು ನೋಡಿದವರಿಗೆ ಅದು ಹೊರೆಯೆನಿಸದು.

ಹಾಗಾದರೆ ಈ ಪೇಟೆಯೇ ಬೇಡ, ಪಕ್ಕದ ಮನೆಯವರನ್ನು ಕೇಳುವುದೇ ಮೇಲು ಎನ್ನುವಿರಾ? ಮೊದಲು ನಾನೂ ಹಾಗೆಂದುಕೊಂಡಿದ್ದೆ. ಆದರೆ ಪರಿಚಯವೆಂಬುದು ಸೇತುವೆಯಾಗಿರುವಂತೆ ಬೇಲಿಯೂ ಹೌದು. ಅಡಿಗೆಯವರು ಬೇಕೆಂದಾಗ ನಮ್ಮಲ್ಲಿ ಎಷ್ಟು ಜನ ಕೈಯ ರುಚಿಗಿಂತ ಮೊದಲು ‘ಯಾವ ಜನ?’ ಎಂದು ಕೇಳುವುದಿಲ್ಲ, ಹೇಳಿರಿ. ಬೆಂಗಳೂರಿನಲ್ಲಿ 2007ರಲ್ಲಿ ‘ಬಾಬಾಜಾಬ್’ ಎಂಬ ಪೇಟೆಯನ್ನು ತೆರೆದ ಶಾನ್ ಬ್ಲಾಗ್ಸ್‌ವೆಟ್ ಎಂಬಾತನಿಗೆ ಪ್ರೇರಣೆಯಾದದ್ದು ಡ್ಯೂಕ್ ವಿಶ್ವವಿದ್ಯಾನಿಲಯದ ಅನಿರುದ್ಧ ಕೃಷ್ಣ ಅವರ ಅಧ್ಯಯನ. ಬಡತನದಿಂದ ಮೇಲೆ ಬರುವ ಕುಟುಂಬಗಳಿಗೆ ಹೊಸ ಸಂಪಾದನೆಯ ದಾರಿ ಬಹುಮಟ್ಟಿಗೆ ಯಾರೋ ಪರಿಚಯಸ್ಥರ ಮೂಲಕ ದೊರೆಯುತ್ತದೆ ಎಂಬುದು ಅದರ ತಾತ್ಪರ್ಯ. ಪರಿಚಯವಿದ್ದವನಿಗೆ ಕೆಲಸ, ಇಲ್ಲದವನಿಗೆ? ಮನೆಗೆಲಸದವರು, ಚಾಲಕರು, ಕಾವಲುಗಾರರಿಗಾಗಿ ನಡೆದ ಆ ಪೇಟೆಯನ್ನು 2017ರಲ್ಲಿ ಬೇರೊಂದು ಸಂಸ್ಥೆ ಕೊಂಡಿತು. ಅದು ಎತ್ತಿದ ಪ್ರಶ್ನೆ ಹಾಗೆಯೇ ಇದೆ. ನಮ್ಮ ನಲ್ಲಿ ಕೆಲಸದವನಿಗೆ ಪೇಟೆ ಬೇಡ. ಬಾಡಿಗೆಯ ಕೋಣೆಯಲ್ಲಿ ಕುಳಿತ ಆ ಹಳ್ಳಿಯ ಹುಡುಗನಿಗೆ ಅದಿಲ್ಲದೆ ನಿಮ್ಮ ಬಾಗಿಲಿಗೆ ಬರುವ ದಾರಿಯೇ ಇಲ್ಲ. ಇದನ್ನು ಶಿಷ್ಯನಿಗೆ ಹೇಳಿದೆ. ಪೇಟೆ ತೆರೆದ ಎಂಟು ತಿಂಗಳಿಗೆ ಆತ ಮತ್ತೆ ನಮ್ಮ ಮನೆಗೆ ಬಂದಿದ್ದ. ಹಾಕಿದ ಹಣ ಹೆಚ್ಚುಕಡಮೆ ಕರಗಿತ್ತು, ತಂದೆ ಏನೂ ಅನ್ನುವುದಿಲ್ಲವೆಂದೂ ಅದೇ ಕಷ್ಟವೆಂದೂ ಹೇಳಿದ.

ಆ ದಿನ ನಾವಿಬ್ಬರೂ ಕುಳಿತು ಹದಿನಾಲ್ಕು ಕಸುಬುಗಳ ಪಟ್ಟಿಯ ಮೇಲೆ ಒಂದೊಂದಾಗಿ ಗೀಟು ಹಾಕಿದೆವು. ಉಳಿದದ್ದು ಎರಡು: ಟ್ಯಾಂಕು ತೊಳೆಯುವುದು, ಮನೆ ಬದಲಿಸುವವರ ಸಾಮಾನು ಸಾಗಿಸುವುದು. ಆ್ಯಪನ್ನು ಸದ್ಯಕ್ಕೆ ಬದಿಗಿಟ್ಟ. ಹೊಸದಾಗಿ ಮನೆಗಳೆದ್ದಿರುವ, ವರ್ಗವಾಗಿ ಬಂದ ನೌಕರರು ಹೆಚ್ಚಾಗಿರುವ, ಒಬ್ಬರಿಗೊಬ್ಬರ ಪರಿಚಯ ಇನ್ನೂ ಬೆಳೆಯದ ಒಂದು ಬಡಾವಣೆಯನ್ನು ಆರಿಸಿಕೊಂಡ. ಒಂದು ಫೋನು, ಒಂದು ನೋಟುಬುಕ್ಕು, ನಾಲ್ಕು ಹುಡುಗರು. ಮೊದಲ ಕೆಲವು ಮನೆಗಳಿಗೆ ತಾನೇ ಅವರೊಡನೆ ಹೋಗಿ ಟ್ಯಾಂಕಿನೊಳಗೆ ಇಣುಕಿ ನೋಡಿ ಬಂದ. ತೊಳೆದ ತಾರೀಖನ್ನು ಬರೆದುಕೊಂಡು ಆರು ತಿಂಗಳಾದ ಮೇಲೆ ತಾನೇ ಫೋನು ಮಾಡಿ ನೆನಪಿಸುವನು. ಗಿರಾಕಿಗೆ ನೆನಪಿಲ್ಲದ್ದನ್ನು ತಾನು ನೆನಪಿಟ್ಟಿರುವುದಕ್ಕಾಗಿಯೇ ಈಗ ಆತನಿಗೆ ದಸ್ತೂರಿ ಸಿಗುತ್ತಿದೆ. ಹುಡುಗರಿಗೆ ಮಾತ್ರ, ಕೆಲಸ ಸಿಗಲಿ ಬಿಡಲಿ, ವಾರಕ್ಕೆ ಇಷ್ಟು ಎಂದು ಖಾತರಿಯ ಹಣ ಕೊಡಬೇಕಾಗಿ ಬಂದಿದೆ. ಇಲ್ಲವಾದರೆ ಅವರು ನಿಲ್ಲುವುದಿಲ್ಲ. ಲೆಕ್ಕ ಇನ್ನೂ ಲಾಭದ ಕಡೆಗೆ ಹೊರಳಿಲ್ಲ. ಬೇಸಿಗೆ ಬಂದರೆ ಹೊರಳೀತೆಂದು ಆತನ ಅಂದಾಜು.

ಹೆಸರಿನ ಮಾತು ಆತ ಮತ್ತೆ ಎತ್ತಲಿಲ್ಲ. ಆ ಬಡಾವಣೆಯವರು ಫೋನಿನಲ್ಲಿ ಆತನ ನಂಬರನ್ನು ‘ಟ್ಯಾಂಕಿನ ಹುಡುಗ’ ಎಂದು ಬರೆದಿಟ್ಟುಕೊಂಡಿದ್ದಾರಂತೆ.